ನೆಗೆಣ್ಣಿಯ ಕೈಗುಣ

ಮಾಘದ ಚಳಿ ಇಳಿಯುತ್ತಿದ್ದ ಒಂದು ಮುಂಜಾನೆ, ಹೊತ್ತು ಮೂಡುವ ಮುನ್ನ, ಬಾಳವ್ವನ ಬೆರಳುಗಳು ಸಲೀಸಾಗಿ ಮಡಚಿಕೊಂಡವು. ಸಂಧಿವಾತ ಹಿಡಿದ ಮೇಲೆ ಆಕೆ ರೊಟ್ಟಿ ಬಡಿದೇ ಇರಲಿಲ್ಲ. ಸಂಕ್ರಾಂತಿ ಮುಗಿದ ವಾರ ದವಾಖಾನೆಯಲ್ಲಿ ಮೈದುನನ ಹೆಂಡತಿ ನಿಂಬೆವ್ವನ ಎಲುಬಿನಿಂದ ಎಳೆಕಣ, ಅಂದರೆ ಸ್ಟೆಮ್ ಸೆಲ್, ತೆಗೆದು ಈಕೆಯ ಬೆರಳ ಕೀಲುಗಳಿಗೆ ಬಿತ್ತಿದ್ದರು. ಕಣದ ಜೊತೆ ಕೊಟ್ಟವರ ರೂಢಿಯೂ ಬರುತ್ತದೆಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ತನ್ನ ಎಡಚ ಭಾವನ ಕಣ ಹಾಕಿಸಿಕೊಂಡ ಪೂಜಾರಿ ಈಗ ಎಡಗೈಯಲ್ಲೇ ಮಂಗಳಾರತಿ ಎತ್ತುತ್ತಾನೆ.

ಬಾಳವ್ವ ಹಿಟ್ಟು ನಾದಿ ಬಡಿಯತೊಡಗಿದಳು. ಥೇಟ್ ನಿಂಬೆವ್ವನದೇ ಬಡಿತದ ಸಪ್ಪಳ ಕೇಳಿ ಅಂಗಳದಿಂದ ಗಂಡ ಕೂಗಿದ: "ನಿಂಬೆವ್ವಾ, ಇಷ್ಟ ಲಗೂನ ಎದ್ದು ರೊಟ್ಟಿ ಬಡ್ಯಾಕ ಹತ್ತಿಯೇನ?"

ಆರೈಕೆಗೆಂದು ಬಂದು ಒಲೆಯ ಪಕ್ಕ ಕೂತಿದ್ದ ನಿಂಬೆವ್ವ ಕಿಸಕ್ಕನೆ ನಕ್ಕಳು.

ಮೊದಲ ರೊಟ್ಟಿ ಬೆಂದಿತು. ಬಾಳವ್ವನ ಕೈ ತಾನಾಗಿಯೇ ಅದಕ್ಕೆ ಬೆಣ್ಣೆ ಸವರಿತು, ಮಡಚಿತು, ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿಟ್ಟಿತು.

ಇಬ್ಬರೂ ಆ ಕೈಯನ್ನೇ ನೋಡಿದರು. ಕೂಡಿ ಬಾಳುತ್ತಿದ್ದಾಗ ಮನೆಯಲ್ಲಿ ದಿನಾ ಬೆಣ್ಣೆ ಕಡಿಮೆಯಾಗುತ್ತಿತ್ತು. ಅತ್ತೆ ಸಾಯುವವರೆಗೂ ಬಾಳವ್ವನನ್ನೇ ಕಳ್ಳಿ ಅಂದಿದ್ದಳು.

"ಏನ ನಿಂಬಿ, ಇಷ್ಟ ವರ್ಷ ನನ್ನ ಹೆಸರಿಗೆ ಹಚ್ಚಿ ನೀ ತಿಂದಿಯೇನ?"

"ಕೈ ನಿಂದು ಅಕ್ಕಾ, ನನ್ನ ಯಾಕ ಕೇಳ್ತಿ?"

ಬಾಳವ್ವ ರೊಟ್ಟಿ ಹೊರತೆಗೆದು ಒಬ್ಬಳೇ ತಿಂದಳು. ತಿಂದ ಬೈಗುಳವೆಲ್ಲ ಇಳಿದುಹೋಗುವಷ್ಟು ರುಚಿಯಾಗಿತ್ತು.

"ಈ ಕೈ ಇನ್ನೂ ಏನೇನ ಕಲ್ತೈತಿ, ನೋಡೂಣು ಇರು," ಎಂದು ಬೆರಳ ನೆಟಿಕೆ ಮುರಿದಳು.

ತಿಂಗಳಿರಲೆಂದು ಬಂದಿದ್ದ ನಿಂಬೆವ್ವ ಮರುದಿನ, ಬುಧವಾರ, ಮೊದಲ ಬಸ್ಸಿಗೇ ತನ್ನೂರಿಗೆ ಹೋದಳು.