ಬಸಪ್ಪನ ಪಥ್ಯ

ದೇವರಿಗೆ ಬಿಟ್ಟ ಬಸಪ್ಪ ಮೈಯುಬ್ಬಿ ಏಳಲಾರದೆ ಮಲಗಿಬಿಟ್ಟಾಗ ಪೂಜಾರಿ ಗುರುಸಿದ್ದಯ್ಯನಿಗೆ ಅನ್ನವೇ ಸೇರಲಿಲ್ಲ. "ತೂಕ ಇಳೀದಿದ್ರೆ ಉಳಿಯಲ್ಲ" ಎಂದು ದನದ ಡಾಕ್ಟರು ಹೇಳಿ ಹೋಗಿದ್ದರು. ಅರಳಿಕಟ್ಟೆಯಲ್ಲಿ ಊರೇ ಸೇರಿತು.

"ಉಳೋಕೆ ಕಟ್ಟಲ್ಲ, ಗಾಡಿಗೆ ಹೂಡಲ್ಲ. ಕೊಬ್ಬದೆ ಇನ್ನೇನಾಯ್ತದೆ?" ಎಂದ ಒಬ್ಬ.

"ಬಸಪ್ಪನ ತಳಿಯೇ ಅಂಥಾದ್ದು ಬುಡಿ" ಎಂದ ಇನ್ನೊಬ್ಬ.

"ತಳಿಯಲ್ರೋ, ನಿಮ್ಮ ಭಕ್ತಿ!" ಗುರುಸಿದ್ದಯ್ಯ ಗದರಿದ. "ಬೆಲ್ಲ, ಬಾಳೆಹಣ್ಣು, ಒಬ್ಬಟ್ಟು ಅಂತ ದಿನಾ ತುರುಕಿದ್ರೆ ಆ ಮೂಕಪ್ರಾಣಿ ಏನು ಮಾಡ್ತದೆ?"

"ಹರಕೆ ಹೊತ್ತಿದ್ದೀವಲ್ಲ ಅಯ್ಯನೋರೆ, ಬಿಡೋಕಾಯ್ತದಾ?" ಎಂದಳು ಮುದುಕಿ ಕೆಂಪಮ್ಮ.

ಕೊನೆಗೆ ಗೌಡರು ತೀರ್ಪು ಕೊಟ್ಟರು: "ಬಸಪ್ಪನ ಬಾಯಿಗೆ ಹುಲ್ಲು ಬಿಟ್ಟು ಬೇರೇನೂ ಹೋಗಕೂಡದು. ಹರಕೆ ಒಬ್ಬಟ್ಟನ್ನೆಲ್ಲ ಅಯ್ಯನೋರ ಕೈಗೆ ಕೊಡಿ."

ಶಿವ ದೊಡ್ಡವನು. ವರ್ಷ ತುಂಬುವುದರೊಳಗೆ ಬಸಪ್ಪ ಎಳೆಗರುವಿನ ಹಾಗೆ ಗುಡಿಯ ಮೆಟ್ಟಿಲು ಹತ್ತಿ, ಕೊರಳ ಗಂಟೆ ಅಲ್ಲಾಡಿಸುತ್ತ ಮಂಗಳಾರತಿಗೆ ಕಾದು ನಿಂತ. ಊರೆಲ್ಲ ಕೈಮುಗಿಯಿತು.

ಒಳಗೆ ಗರ್ಭಗುಡಿಯ ಬಾಗಿಲಲ್ಲಿ ಅಡ್ಡ ತಿರುಗಿ ನುಗ್ಗಲು ಹೆಣಗುತ್ತಿದ್ದ ಗುರುಸಿದ್ದಯ್ಯ, ಬಾಯಿಬಿಟ್ಟು ನೋಡುತ್ತಿದ್ದ ಗೌಡರಿಗೆ ಏದುಸಿರಿನಲ್ಲೇ ಹೇಳಿದ: "ನಮ್ಮ ತಳಿಯೇ ಅಂಥಾದ್ದು ಬುಡಿ, ಗೌಡ್ರೆ!"