ದಾರದುಂಡೆಯ ಹೊಟ್ಟೆಯೊಳಗೆ

"ಒಳಗೆ ಟ್ರ್ಯಾಕ್ಟರ್ ಟೈರಿದೆ," ಎಂದ ಪಕ್ಕದೂರಿನ ಓಟ್ಟೊ. "ಒಪ್ಕೊಂಡ್ಬಿಡು ಲಿಯೋನಾ, ಮಾನನಾದ್ರೂ ಉಳಿಯತ್ತೆ."

"ಟೈರಿಲ್ಲ ಕಣಯ್ಯ. ಪಾಯಿ ತಿಂದು ಮನೆಗೆ ಹೋಗು."

ಕಾನ್ಸಾಸಿನ ಮಾರ್ವಿಲ್ ಊರಿನ ಹೆದ್ದಾರಿ ಬದಿಯಲ್ಲಿ, ತಗಡಿನ ಸೂರಿನ ಕೆಳಗೆ, ಆನೆಯಷ್ಟು ದಪ್ಪದ ದಾರದುಂಡೆ ಕುಳಿತಿತ್ತು. ಹುಲ್ಲಿನ ಹೊರೆ ಕಟ್ಟುವ ದಾರ. ಅದನ್ನು ಶುರು ಮಾಡಿದವನು ಲಿಯೋನಾಳ ಗಂಡ ರೇಮಂಡ್. ಹೊಸದಾಗಿ ಮದುವೆಯಾದ ವರ್ಷ, ಒಂದು ಬೆಳಗ್ಗೆ ಗೋಧಿ ಹೊಲದಿಂದ ನಗುತ್ತಾ ಬಂದವನು, ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಸುತ್ತಲು ಕೂತಿದ್ದ. ಆಮೇಲೆ ದಾರಿಹೋಕರೆಲ್ಲ ತಮ್ಮದೊಂದು ತುಂಡು ಸುತ್ತಿ, ಲಿಯೋನಾಳ ಅಂಗಡಿಯಲ್ಲಿ ಚೆರಿ ಹಣ್ಣಿನ ಹೂರಣ ತುಂಬಿ ಬೇಯಿಸಿದ ಪಾಯಿ ತಿಂದು ಹೋಗುವುದು ವಾಡಿಕೆಯಾಯಿತು. ರೇಮಂಡ್ ತೀರಿಹೋದ ಮೇಲೂ ಉಂಡೆ ಬೆಳೆಯುತ್ತಲೇ ಇತ್ತು. ಅವಳ ಹೊಟ್ಟೆಪಾಡೂ ಅದೇ.

ಪಕ್ಕದೂರು ಹಾಲ್ಬರ್ಗಿನವರಿಗೆ ಇದು ಹೊಟ್ಟೆಕಿಚ್ಚು. ಪಾಪ, ಅವರಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಅವರ ಚರ್ಚಿನ ಗಂಟೆಯನ್ನು ಹಿಂದೆಂದೋ ಸುಂಟರಗಾಳಿ ಹೊತ್ತೊಯ್ದಿತ್ತು. ಆ ಗಂಟೆಯ ಸದ್ದು ಕೇಳಿದರೆ ಹೊಲದಲ್ಲಿದ್ದವರೂ ಟೋಪಿ ತೆಗೆದು ನಿಲ್ಲುತ್ತಿದ್ದರು. ಈಗ ಭಾನುವಾರ ಗಂಟೆಯ ಬದಲು ಓಟ್ಟೊ ಒತ್ತುವ ಟ್ರ್ಯಾಕ್ಟರ್ ಹಾರನ್ನಿಗೆ ನಾಯಿಗಳು ಮಾತ್ರ ಓಗೊಡುತ್ತಿದ್ದವು. ಆ ಹಾರನ್ ಕೇಳಿದಾಗಲೆಲ್ಲ ರೇಮಂಡ್ ಬಿದ್ದು ಬಿದ್ದು ನಗುತ್ತಿದ್ದ.

ಇಂದು ಅಳತೆಯ ದಿನ. ದಾರವಲ್ಲದೆ ಬೇರೇನಾದರೂ ಸಿಕ್ಕರೆ 'ರಾಜ್ಯದ ಅತಿ ದೊಡ್ಡ ದಾರದುಂಡೆ' ಎಂಬ ಹೆದ್ದಾರಿ ಫಲಕ ಕಿತ್ತುಹಾಕುವುದಾಗಿ, ಅಳೆಯಲು ಬಂದಿದ್ದ ತೀರ್ಪುಗಾರ್ತಿ ಮೊದಲೇ ಹೇಳಿದ್ದಳು. ಫಲಕ ಹೋದರೆ ಕಾರುಗಳು ನಿಲ್ಲುವುದಿಲ್ಲ. ಕಾರು ನಿಲ್ಲದಿದ್ದರೆ ಅಂಗಡಿ ಮುಚ್ಚಿದ ಹಾಗೆಯೇ.

ಓಟ್ಟೊ ತನ್ನ ಗಾಡಿಯಿಂದ ಉದ್ದನೆಯ ಸಲಾಕೆ ತಂದ. ಹುಲ್ಲಿನ ಹೊರೆಯೊಳಗೆ ತೇವವಿದೆಯೇ ಎಂದು ಚುಚ್ಚಿ ನೋಡುವ ಸಲಾಕೆ. ಅಲ್ಲಿ ಎಲ್ಲರ ಕೊಟ್ಟಿಗೆಯಲ್ಲೂ ಒಂದಿರುತ್ತದೆ. ಲಿಯೋನಾ ಒಂದು ಹೆಜ್ಜೆ ಮುಂದೆ ಬಂದಳು.

"ಚುಚ್ಚಬೇಡ ಓಟ್ಟೊ. ನಿಮ್ಮೂರಿನ ಒಳ್ಳೇದಕ್ಕೇ ಹೇಳ್ತಿದೀನಿ."

"ನಮ್ಮೂರಿನ ಚಿಂತೆ ನಿಂಗ್ಯಾಕಮ್ಮ? ಟೈರು ತಾನೇ?"

"ಟೈರಲ್ಲ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ."

ಓಟ್ಟೊ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಸಲಾಕೆ ಒಳಗಿಳಿಯಿತು. ಹೊರಗೆಳೆದು ನೋಡಿದರೆ ತುದಿಯಲ್ಲಿ ಬರೀ ನಾರು. ಇನ್ನೊಂದು ಕಡೆ ಚುಚ್ಚಿದ, ಅಲ್ಲೂ ನಾರೇ. ಅವನ ಹಿಂದೆ ಗುಂಪುಗಟ್ಟಿದ್ದ ಹಾಲ್ಬರ್ಗಿನ ಮುದುಕರ ಮುಖ ಸಪ್ಪಗಾಯಿತು. ತೀರ್ಪುಗಾರ್ತಿ ಪೆನ್ನು ತೆಗೆದಳು. ಲಿಯೋನಾ ಇನ್ನೇನು ಉಸಿರು ಬಿಡಬೇಕು, ಓಟ್ಟೊ ಹಟಕ್ಕೆ ಬಿದ್ದು ನಟ್ಟನಡುವೆ ಕೊನೆಯದೊಂದು ಬಾರಿ ಗುದ್ದಿದ.

ಉಂಡೆಯ ಹೊಟ್ಟೆಯಿಂದ ಮಂದವಾಗಿ 'ಠಣ್' ಎಂಬ ಸದ್ದು ಬಂತು. ಹಾಲ್ಬರ್ಗಿನ ಮುದುಕರೆಲ್ಲ, ಓಟ್ಟೊ ಕೂಡ, ತಮಗರಿವಿಲ್ಲದೆಯೇ ಟೋಪಿ ತೆಗೆದು ನಿಂತರು.