ಹೊಸ್ತಿಲ ಮೇಲಿನ ಕರಿ ಡಬ್ಬಿ

"ನಿರ್ಮಲಾ, ಹೊರಗ ಬರಬ್ಯಾಡ! ಅಲ್ಲೇ ನಿಂದ್ರು!"

ಹಿತ್ತಲಲ್ಲಿ ಬಟ್ಟೆ ಒಣಹಾಕಿ ಬಂದ ನಿರ್ಮಲಾ ಅತ್ತೆ ಗೌರವ್ವನ ಕೂಗಿಗೆ ಪಡಸಾಲೆಯಲ್ಲೇ ನಿಂತಳು. ಗಿರಣಿಗೆ ಹೋಗಿದ್ದ ಗೌರವ್ವ ಹಿಟ್ಟಿನ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು, ಮನೆಯೊಳಗೆ ಬರಲಾಗದೆ ಬಿಸಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯ ಕಾಶೀಂಬಿಯೂ ಓಡಿ ಬಂದಿದ್ದಳು. ಅವರಿಗೂ ನಿರ್ಮಲಾಗೂ ನಡುವೆ, ಹೊಸ್ತಿಲ ಮೇಲೆ, ಒಂದು ಕರಿ ರಟ್ಟಿನ ಡಬ್ಬಿ. ಸುತ್ತಲೂ ಕರಿ ದಾರ ಬಿಗಿದಿತ್ತು. ಮುಚ್ಚಳದ ಮೇಲೆ ಒಂದು ಕೆಂಪು ಕಣ್ಣಿನ ಚಿತ್ರ.

"ಯಾರೋ ಮಾಟಾ ಮಾಡ್ಸಿ ಇಟ್ಟಾರ," ಎಂದಳು ಗೌರವ್ವ.

"ನಾಳಿ ಅಮಾಸಿ ಬ್ಯಾರೆ," ಎಂದು ಕಾಶೀಂಬಿ ದನಿ ತಗ್ಗಿಸಿದಳು. "ಗೌರಕ್ಕಾ, ನೀವು ಮುಟ್ಟಬ್ಯಾಡ್ರಿ. ನಾ ದೋಟಿ ತರ್ತೀನಿ. ಅದರಲೇ ನೂಕಿ ಗಟಾರಕ್ಕ ಕೆಡವೂಣು."

ಆ ಡಬ್ಬಿ ಏನೆಂದು ನಿರ್ಮಲಾ ಒಬ್ಬಳಿಗೇ ಗೊತ್ತು. ತಿಂಗಳಿಗೊಂದು ದೆವ್ವದ ಪುಸ್ತಕವನ್ನು ಹೀಗೆ ಡಬ್ಬಿಯಲ್ಲಿಟ್ಟು ಮನೆಗೆ ಕಳಿಸುವವರಿದ್ದರು. ಒಂದು ಸಲ ತರಿಸಿ ನೋಡೋಣವೆಂದು ಯಾರಿಗೂ ಹೇಳದೆ ಫೋನಿನಲ್ಲಿ ತನ್ನ ಹೆಸರು ಬರೆಸಿದ್ದಳು. ಕೊರಿಯರಿನವನು ಆ ಹೆಸರಿದ್ದ ಬದಿಯನ್ನೇ ಕೆಳಗೆ ಮಾಡಿ ಇಟ್ಟುಹೋಗಿದ್ದ. ಸುಮ್ಮನಿದ್ದರೆ ಅತ್ತೆಯ ಬೈಗುಳ ತಪ್ಪುತ್ತದೆ, ಆದರೆ ಪುಸ್ತಕ ಗಟಾರ ಸೇರುತ್ತದೆ. ನರಗುಂದದ ತವರಿನಲ್ಲಿದ್ದಾಗ ಗ್ರಂಥಾಲಯದ ದೆವ್ವದ ಕಥೆಗಳನ್ನೆಲ್ಲ ಓದಿ ಮುಗಿಸಿದವಳು ಅವಳು. ಮದುವೆಯಾಗಿ ನರೇಗಲ್ಲಿಗೆ ಬಂದು, ಮಗಳು ಭೂಮಿಕಾ ಹುಟ್ಟಿದ ಮೇಲೆ ಒಂದೇ ಒಂದು ಪುಸ್ತಕದ ಕೊನೆ ಕಂಡಿಲ್ಲ. ಕಪಾಟಿನಲ್ಲಿ ಒಂದರ ನಡುವೆ ಗುರುತಿಗೆಂದು ಬಟ್ಟೆಯ ಚಿಮಟಿಗೆ ಹಾಕಿದ್ದು ಹಾಗೇ ಇದೆ. ಇನ್ನೊಂದರ ನಡುವೆ ಹಾಲು ಕುಡಿಸುವ ಚಮಚ. ಇದೊಂದನ್ನಾದರೂ ಮುಗಿಸಿಯೇ ತೀರಬೇಕೆಂದು ತರಿಸಿದ್ದಳು.

ಕಾಶೀಂಬಿ ತಂದ ಉದ್ದ ದೋಟಿಯ ತುದಿ ಡಬ್ಬಿಗೆ ತಾಗಿತು. ಒಳಗೆ ಏನೋ ಗಡಗಡ ಉರುಳಿತು. ಗೌರವ್ವ ಹಿಂದೆ ಸರಿದಳು. ನಿರ್ಮಲಾ ಮುಂದೆ ಬಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಇದು ನಂದ್ರಿ ಅತ್ತಿ. ನಾನ ತರಿಸೀನಿ."

"ಮಾಟಾನ?"

"ಪುಸ್ತಕ್ರಿ. ದೆವ್ವದ ಕಥಿ."

ಅಲ್ಲೇ ಕೂತು ಕರಿ ದಾರವನ್ನು ಹಲ್ಲಿನಿಂದ ಹರಿದಳು. ಪುಸ್ತಕ, ಒಂದು ಕೆಂಪು ಮೇಣಬತ್ತಿ, ಕಟ್ಟಿಗೆಯ ಪುಟ್ಟ ತಲೆಬುರುಡೆ. ಜೊತೆಗೊಂದು ಕಾರ್ಡು: 'ಒಬ್ಬರೇ ಇದ್ದಾಗ, ಬಾಗಿಲು ಮುಚ್ಚಿಕೊಂಡು ಓದಿ.' ಓದಿ ನಿರ್ಮಲಾಗೆ ನಗು ಬಂತು. ಈ ಮನೆಯಲ್ಲಿ ಅವಳು ಜಳಕಕ್ಕೆ ಕೂತಾಗಲೂ ಬಾಗಿಲಾಚೆ ಯಾರಾದರೊಬ್ಬರು ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುತ್ತಿರುತ್ತಾರೆ.

"ಅಂಜಿಕಿ ಆಗಲಿ ಅಂತ ರೊಕ್ಕಾ ಕೊಟ್ಟು ತರಿಸಿದೇನವಾ?" ಎಂದು ಕಾಶೀಂಬಿ ದೋಟಿ ಇಳಿಸಿದಳು. "ನಮ್ಮ ಯಜಮಾನ್ರನ್ನ ಕಳಿಸ್ತಿದ್ನಲ್ಲ, ಪುಕ್ಕಟೆ ಅಂಜಸ್ತಿದ್ರು."

ಗೌರವ್ವ ನಗಲಿಲ್ಲ. "ಮಕ್ಕಳಿರೂ ಮನ್ಯಾಗ ಇಂಥಾದ್ದ ಇಟಗೋತಿ? ಇಟಗೋ. ಆ ಡಬ್ಬಿ ಇದ್ದ ಖೋಲಿಗೆ ನಾ ಮಾತ್ರ ಕಾಲ ಇಡಂಗಿಲ್ಲ."

"ಆತ್ರಿ ಅತ್ತಿ," ಎಂದಳು ನಿರ್ಮಲಾ, ಮೆಲ್ಲಗೆ. ಆದರೆ ಆ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡಳು.

ಮರುದಿನ ಮಧ್ಯಾಹ್ನ ಮುಸುರೆ ತಿಕ್ಕಿ, ಚಿಕ್ಕ ಕೂಸನ್ನು ಪಡಸಾಲೆಯ ತೊಟ್ಟಿಲಲ್ಲಿ ಮಲಗಿಸಿ, ಒಳಖೋಲಿಗೆ ಹೋದಳು. ಕರಿ ಡಬ್ಬಿಯನ್ನು ಕೆಂಪು ಕಣ್ಣು ಹೊರಗೆ ಕಾಣುವಂತೆ ಖೋಲಿಯ ಹೊಸ್ತಿಲ ಮೇಲೆ ಇಟ್ಟಳು. ಗೋಡೆಗೆ ಒರಗಿ ಪುಸ್ತಕ ತೆರೆದಳು. ಹಾಳು ಮನೆಯೊಂದರಲ್ಲಿ ಒಬ್ಬಳು ಹೆಂಗಸು. ದಿನಾ ಹೊತ್ತು ಮುಳುಗುವಾಗ ಹೊರಗಿನಿಂದ ಯಾವುದೋ ದನಿ ಅವಳ ಹೆಸರು ಹಿಡಿದು ಕರೆಯುತ್ತದೆ. ಓ ಎಂದರೆ ಮುಗಿಯಿತು. ನಿರ್ಮಲಾ ಉಸಿರು ಬಿಗಿಹಿಡಿದು ಪುಟ ತಿರುವಿದಳು.

"ನಿರ್ಮಲಾ!"

ಚಿಟ್ಟನೆ ಚೀರಿಬಿಟ್ಟಳು. ಡಬ್ಬಿಯ ಆಚೆ ಗೌರವ್ವ ನಿಂತಿದ್ದಳು, ಕೈಯಲ್ಲಿ ಖಾಲಿ ಚಹಾದ ಬಟ್ಟಲು.

"ಯಾಕ ಚೀರಿದಿ? ಏನಾತು?"

"ಅಕಿನ್ನ ಹೆಸರ ಹಿಡದು ಕರದೈತ್ರಿ. ಓ ಅಂದ್ರ ಸತ್ತಂಗ."

ಗೌರವ್ವ ಬಟ್ಟಲನ್ನು ಕೆಳಗಿಟ್ಟಳು. "ಅಂದ್ಲೇನು?"

"ಯಾರಿಗೆ ಗೊತ್ರಿ? ಅಷ್ಟರಾಗ ನೀವು ಕರದ್ರಿ."

ತೊಟ್ಟಿಲಲ್ಲಿ ಚಿಕ್ಕದು ಮಿಸುಕಿತು. ನಿರ್ಮಲಾ ಏಳಲು ಹೊರಟಳು.

"ಕುಂದ್ರು, ನಾ ತೂಗ್ತೀನಿ. ಆ ಪುಸ್ತಕಾ ಲಗೂ ಮುಗಸು. ಅಕಿ ಓ ಅಂದ್ಲೋ ಇಲ್ಲೋ ನನಗೂ ಹೇಳು."

ಡಬ್ಬಿಯಿಂದ ಮಾರು ದೂರದಲ್ಲೇ ಕೂತು ಗೌರವ್ವ ತೊಟ್ಟಿಲ ಹಗ್ಗ ಎಳೆದಳು. ಒಳಗೆ ಪುಟಗಳು ಒಂದೊಂದಾಗಿ ತಿರುಗಿದವು. ಕೊನೆಗೆ ಹತ್ತೋ ಹನ್ನೆರಡೋ ಹಾಳೆ ಉಳಿದಿರಬೇಕು, ಶಾಲೆ ಬಿಟ್ಟ ಭೂಮಿಕಾ ಚೀಲವನ್ನು ಪಡಸಾಲೆಯಲ್ಲಿ ಎಸೆದು ಕೂಗಿದಳು: "ಮಮ್ಮೀ! ಮಮ್ಮೀ, ಹಸಿವಾಗೈತಿ!"

ಗೌರವ್ವ ತಟ್ಟನೆ ಎದ್ದು ಮೊಮ್ಮಗಳ ಬಾಯಿ ಮುಚ್ಚಿದಳು.

"ಶ್! ಎಷ್ಟ ಕರದ್ರೂ ಈಗ ನಿಮ್ಮವ್ವ ಓ ಅನಬಾರದು."